ಮರ, ಅಂಟು ಮತ್ತು ಮಳೆಗಾಲ

ಎನ್.ಸಿ.ಸಿ. ವಾಯುದಳದಲ್ಲಿ ಮಾದರಿ ವಿಮಾನ ಕಟ್ಟಿದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ರೆಕ್ಕೆಯ ಪಕ್ಕೆಲುಬುಗಳಿಗೆ ಹಗುರವಾದ ಬಾಲ್ಸಾ, ಉದ್ದಕ್ಕೂ ಹಾಯುವ ತೊಲೆಗೆ ಗಟ್ಟಿಯಾದ ಸ್ಪ್ರೂಸ್ ಕಡ್ಡಿ, ಒತ್ತಡ ಹೆಚ್ಚಿರುವ ಕಡೆ ಪ್ಲೈವುಡ್ ತುಂಡು. ಎಲ್ಲವನ್ನೂ ಒಂದೇ ಮರದಿಂದ ಮಾಡಿದರೆ ರೆಕ್ಕೆ ಒಂದೋ ಭಾರವಾಗುತ್ತದೆ, ಇಲ್ಲವೇ ಮುರಿಯುತ್ತದೆ. ಆದರೆ ಬೇರೆ ಬೇರೆ ಮರಗಳು ಕೂಡಿದಲ್ಲಿ ಹೊಣೆಯೆಲ್ಲ ಅಂಟಿನ ಮೇಲೆ ಬೀಳುತ್ತದೆ. ಆ ಅಂಟನ್ನೇ ನಂಬಿ ವೈಮಾನಿಕರು ಯುದ್ಧಕ್ಕೆ ಹಾರಿದ ಕಾಲವೊಂದಿತ್ತು.

1940ರ ನವೆಂಬರ್ 25ರಂದು ಇಂಗ್ಲೆಂಡಿನಲ್ಲಿ ಡಿ ಹ್ಯಾವಿಲೆಂಡ್ ಕಂಪನಿಯ ‘ಮಾಸ್ಕಿಟೊ’ ಮೊದಲ ಬಾರಿಗೆ ಹಾರಿತು. ಲೋಹಕ್ಕೆ ಅಭಾವವಿದ್ದ ದಿನಗಳವು. ಪೀಠೋಪಕರಣ ಮಾಡುವ ಬಡಗಿಗಳೋ ಬೇಕಾದಷ್ಟಿದ್ದರು. ಮರದ ವಿಮಾನವೆಂದು ಮೊದಲು ಮೂಗು ಮುರಿದ ಅಧಿಕಾರಿಗಳು ಅದರ ವೇಗವನ್ನು ಕಂಡು ಸುಮ್ಮನಾದರು. ಒಟ್ಟು 7,781 ಮಾಸ್ಕಿಟೊಗಳು ತಯಾರಾದವು.

ಅದರ ಒಡಲನ್ನು ಕಡಲೆಕಾಯಿಯ ಸಿಪ್ಪೆಯಂತೆ ಉದ್ದುದ್ದನೆಯ ಎರಡು ಹೋಳುಗಳಾಗಿ ಮಾಡಿ ಕೂಡಿಸುತ್ತಿದ್ದರು. ಪ್ರತಿ ಹೋಳಿನಲ್ಲೂ ಹೊರಗೆ, ಒಳಗೆ ಬರ್ಚ್ ಪ್ಲೈವುಡ್, ನಡುವೆ ಬಾಲ್ಸಾ. ಒಂದು ಘನ ಮೀಟರ್ ಬಾಲ್ಸಾ ಸುಮಾರು 150 ಕಿಲೋ ತೂಗಿದರೆ ಬರ್ಚ್ 600 ಕಿಲೋಗೂ ಮಿಕ್ಕಿ ತೂಗುತ್ತದೆ. ಎಳೆಯುವ, ಒತ್ತುವ ಬಲವನ್ನು ಬರ್ಚ್ ತಡೆದರೆ, ಎರಡು ಪದರಗಳನ್ನು ದೂರವಿರಿಸಿ ಬಾಗದಂತೆ ಹಿಡಿಯುವುದು ಬಾಲ್ಸಾದ ಕೆಲಸ. ರೆಕ್ಕೆಯಲ್ಲಿ ಮಾತ್ರ ಸ್ಪ್ರೂಸ್ ಪಟ್ಟಿಗಳನ್ನು ಅಂಟಿಸಿ ಮಾಡಿದ ತೊಲೆಗಳು, ಅವುಗಳ ಮೇಲೆ ಬರ್ಚ್ ಪ್ಲೈವುಡ್ಡಿನ ಹೊದಿಕೆ.

ಇನ್ನು ಅಂಟಿನ ಮಾತು. ಆರಂಭದಲ್ಲಿ ಬಳಸಿದ್ದು ಕೇಸೀನ್, ಎಂದರೆ ಹಾಲು ಒಡೆದಾಗ ಸಿಗುವ ಗಟ್ಟಿಯಿಂದ ಮಾಡಿದ ಅಂಟು. ಒಣ ಹವೆಯಲ್ಲಿ ಇದು ಬಹಳ ಗಟ್ಟಿ. ತೇವ ತಗಲಿತೋ, ಮೆದುವಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಹಾಲಿನ ವಸ್ತುವಲ್ಲವೇ! ಇದಕ್ಕೆ ಬದಲಾಗಿ ಬಂದದ್ದು ‘ಏರೋಲೈಟ್’. ಕೇಂಬ್ರಿಜ್‌ನಲ್ಲಿ ಕಲಿತ ವಿಜ್ಞಾನಿ ನಾರ್ಮನ್ ಡಿ ಬ್ರೂಯ್ನ್ 1930ರ ದಶಕದಲ್ಲಿ ರೂಪಿಸಿದ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಇದು. ಒಂದು ಮರಕ್ಕೆ ರಾಳ, ಇನ್ನೊಂದಕ್ಕೆ ಆಮ್ಲ ಬಳಿದು ಒತ್ತಿದರೆ ಎರಡೂ ಬೆರೆತು ಕಲ್ಲಾಗುತ್ತದೆ. ನೀರಿಗೂ, ಬೂಷ್ಟಿಗೂ ಜಗ್ಗುವುದಿಲ್ಲ.

ಆದರೂ ಪೆಟ್ಟು ಬಿತ್ತು, ಅದೂ ನಮ್ಮ ದೇಶದಲ್ಲಿ. ಬರ್ಮಾ ರಣರಂಗಕ್ಕೆಂದು ಭಾರತಕ್ಕೆ ಬಂದ ಮಾಸ್ಕಿಟೊಗಳಲ್ಲಿ ಕೆಲವು 1944ರ ಕೊನೆಯ ತಿಂಗಳುಗಳಲ್ಲಿ ಹಾರಾಟದಲ್ಲೇ ರೆಕ್ಕೆ ಕಳಚಿ ಬಿದ್ದವು. ನವೆಂಬರಿನಲ್ಲಿ ಇಲ್ಲಿನ ಮಾಸ್ಕಿಟೊಗಳ ಹಾರಾಟವನ್ನೇ ನಿಲ್ಲಿಸಿ, ಒಂದೊಂದನ್ನೂ ತಪಾಸಣೆ ಮಾಡಬೇಕಾಯಿತು. ತಪ್ಪು ಯಾರದು? ಮಳೆಗಾಲದ್ದೆಂದಿತು ಕಂಪನಿಯ ಕಡೆಯ ತಂಡ. ಈ ವಾದ ಪೂರ್ತಿ ಹುರುಳಿಲ್ಲದ್ದಲ್ಲ. ತೇವ ಹೀರಿದ ಮರ ಎಳೆಯ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಉಬ್ಬುವ ಪ್ರಮಾಣವೂ ಮರದಿಂದ ಮರಕ್ಕೆ ಬೇರೆ. ಎರಡು ಜಾತಿಯ ಮರಗಳು, ಅದರಲ್ಲೂ ಎಳೆಗಳು ಅಡ್ಡಡ್ಡವಾಗಿ ಕೂಡಿದ್ದರೆ, ಒದ್ದೆಯಾಗಿ ಒಣಗಿದಾಗಲೆಲ್ಲ ಕೂಡು ಜಗ್ಗುತ್ತದೆ. ಆದರೆ ಮಳೆಗಾಲವನ್ನೇ ಕಾಣದ, ಇಂಗ್ಲೆಂಡಿನಲ್ಲೇ ಇದ್ದ ವಿಮಾನಗಳನ್ನು ಸರ್ಕಾರದ ತಜ್ಞರು ಬಿಚ್ಚಿ ನೋಡಿದಾಗ ಅಲ್ಲಿಯೂ ಅದೇ ಬಗೆಯ ದೋಷ! ಅಂಟಿಸಿದ ಕೆಲಸವೇ ಸರಿಯಿರಲಿಲ್ಲ. ಅಂಟು ಎಷ್ಟೇ ಉತ್ತಮವಾದರೂ ಮರದ ಎರಡು ಮೈಗಳು ಒಂದಕ್ಕೊಂದು ಬಿಗಿಯಾಗಿ ಕೂರದಿದ್ದರೆ ನಡುವಿನ ಸಂದನ್ನು ಅದು ತುಂಬಿ ಹಿಡಿಯಲಾರದು. ಅವಸರದ ತಯಾರಿಕೆಯ ತಪ್ಪನ್ನು ನಮ್ಮ ಮಳೆಯ ತಲೆಗೆ ಕಟ್ಟಿದ್ದು ನ್ಯಾಯವಲ್ಲವೆಂದೇ ಹೇಳಬೇಕು. ಕೊನೆಗೆ ಮುಖ್ಯ ತೊಲೆಯ ಮೇಲೆ ಹೊದಿಕೆ ಕೂಡುವ ಗೆರೆಯುದ್ದಕ್ಕೂ ಒಂದು ಪ್ಲೈವುಡ್ ಪಟ್ಟಿಯನ್ನು ಅಂಟಿಸಿ ನೀರಿಗೆ ದಾರಿ ಮುಚ್ಚಿದರು.

ಜರ್ಮನ್ನರ ಕಥೆ ಇನ್ನೂ ವಿಚಿತ್ರ. ಅವರೂ ‘ಟಿಎ 154’ ಎಂಬ ಮರದ ಯುದ್ಧವಿಮಾನ ಕಟ್ಟಿದರು. ಅದರ ಅಂಟು ತಯಾರಾಗುತ್ತಿದ್ದ ವುಪ್ಪರ್ಟಾಲ್‌ನ ಕಾರ್ಖಾನೆ ಬ್ರಿಟಿಷ್ ಬಾಂಬಿಗೆ ಆಹುತಿಯಾಯಿತು. ಬದಲಿಗೆ ಬಂದ ಅಂಟಿನ ಆಮ್ಲ ಮರವನ್ನೇ ತಿಂದುಹಾಕಿತು. 1944ರಲ್ಲಿ ವಿಮಾನಗಳು ಬಿದ್ದವು, ಯೋಜನೆಯೂ ಬಿತ್ತು.

ಡಿ ಬ್ರೂಯ್ನ್ ಅಲ್ಲಿಗೇ ನಿಲ್ಲಲಿಲ್ಲ. 1941ರಲ್ಲಿ ಆತ ರೂಪಿಸಿದ ‘ರೀಡಕ್ಸ್’ ಲೋಹವನ್ನೂ ಅಂಟಿಸಬಲ್ಲದಾಗಿತ್ತು. 1944ರಲ್ಲಿ ಮೊದಲು ಹಾರಿದ ‘ಹಾರ್ನೆಟ್’ ವಿಮಾನದ ರೆಕ್ಕೆಯ ಮೇಲ್ಮೈ ಮರ, ಕೆಳಮೈ ಅಲ್ಯೂಮಿನಿಯಂ. ಎರಡನ್ನೂ ಬೆಸೆದದ್ದು ಇದೇ ಅಂಟು. 1950ರ ದಶಕದಲ್ಲಿ ಆ ಹಾರ್ನೆಟ್‌ಗಳು ಮಲಯದ ಸೆಖೆ, ಮಳೆಗಳಲ್ಲೇ ಹಾರಾಡಿದವು.