ಬೆರಳಿನಿಂದ ಬಲೂನಿಗೆ

ಎದೆ ಸೀಳದೆ ಹೃದಯದ ಕವಾಟ ರಿಪೇರಿ ಮಾಡೋದು ತೀರಾ ಹೊಸ ಯೋಚನೆ ಅಂದುಕೊಂಡಿದ್ದೀರಾ? ಅದರ ಅಜ್ಜ 1925ರಲ್ಲೇ ಹುಟ್ಟಿದ್ದ ಅಂತ ನನ್ನ ವಾದ.

ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಸರ್ಜನ್ ಹೆನ್ರಿ ಸೌಟರ್ ಒಬ್ಬ ಹುಡುಗಿಯ ಎದೆಯನ್ನು ಎಡಗಡೆಯಿಂದ ತೆರೆದರು. ಅವಳ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು ಅನ್ನಿ) ಅಂಟಿಕೊಂಡು ಕಿರಿದಾಗಿತ್ತು. ಹೃದಯ ನಿಲ್ಲಿಸಿ ಕೆಲಸ ಮಾಡೋ ಯಂತ್ರ ಆಗೆಲ್ಲಿತ್ತು? ಬಡಿಯುತ್ತಿರುವ ಹೃದಯದಲ್ಲೇ, ಮೇಲಿನ ಕೋಣೆಗೆ ಕಿವಿಯಂತೆ ಅಂಟಿಕೊಂಡ ಪುಟ್ಟ ಚೀಲವನ್ನು ಸೀಳಿ ಬೆರಳು ತೂರಿಸಿದರು. ಚಾಕುವಿನಿಂದ ಕೊಯ್ಯುವ ಯೋಚನೆ ಕೈಬಿಟ್ಟು, ಬೆರಳಲ್ಲೇ ಕವಾಟ ಅಗಲಿಸಿದರು. ಹುಡುಗಿ ಬದುಕಿದಳು!

ಆದರೆ ನೋಡಿ, ಇಂಥ ಇನ್ನೊಬ್ಬ ರೋಗಿಯನ್ನು ಯಾವ ವೈದ್ಯರೂ ಅವರ ಬಳಿ ಕಳಿಸಲಿಲ್ಲ. ತೊಂದರೆ ಹೃದಯದ ಸ್ನಾಯುವಿನದು, ಕವಾಟದ್ದಲ್ಲ ಅನ್ನೋ ನಂಬಿಕೆ ಆಗ ಅಷ್ಟು ಗಟ್ಟಿ. 1948ರಲ್ಲಿ ಅಮೆರಿಕದ ಬೇಯ್ಲಿ, ಹಾರ್ಕನ್ ಮತ್ತೆ ಈ ದಾರಿ ಹಿಡಿಯೋವರೆಗೆ 23 ವರ್ಷ... ಅಷ್ಟರಲ್ಲಿ ಎಷ್ಟು ಜನ ಹೋದರೋ!

1953ರಲ್ಲಿ ಹಾರ್ಟ್-ಲಂಗ್ ಮಷೀನು ಬಂದ ಮೇಲೆ ಎದೆಮೂಳೆ ಸೀಳಿ, ಕಣ್ಣಾರೆ ನೋಡಿ ಕವಾಟ ಬದಲಿಸೋದೇ ರೂಢಿಯಾಯ್ತು. 1982ರಲ್ಲಿ ಜಪಾನಿನ ಕಾಂಜಿ ಇನೌಯೆ ತೊಡೆಸಂದಿಯ ರಕ್ತನಾಳದಿಂದ ಬಲೂನು ಕಳಿಸಿ ಮೈಟ್ರಲ್ ಕವಾಟದೊಳಗೆ ಉಬ್ಬಿಸಿದರು. ಸೌಟರ್ ಬೆರಳು ಮಾಡಿದ್ದೂ ಅದೇ ಕೆಲಸ ತಾನೇ? 2002ರಲ್ಲಿ ಫ್ರಾನ್ಸಿನ ಅಲೇನ್ ಕ್ರಿಬಿಯೆ, ಸರ್ಜನ್‌ಗಳು ಕೈಬಿಟ್ಟಿದ್ದ ರೋಗಿಗೆ ತೊಡೆಯ ದಾರಿಯಲ್ಲೇ ಹೊಸ ಅಯೋರ್ಟಿಕ್ ಕವಾಟ ಕೂರಿಸಿದರು.

ನಮ್ಮಲ್ಲಿ ಮೈಟ್ರಲ್ ಕವಾಟ ಕೆಡಿಸೋ ರುಮ್ಯಾಟಿಕ್ ಜ್ವರ ಇನ್ನೂ ಹೋಗಿಲ್ಲ. ಬೆಂಗಳೂರಿನ ಜಯದೇವದಲ್ಲಿ ಇನೌಯೆ ಬಲೂನು ಮಾಮೂಲಿ ಚಿಕಿತ್ಸೆ.