ಬುದ್ಧಿಯ ಮುಂದೆ ನಿಂತ ‘ಕೃತಕ’

ಮಂಗಳೂರಿನಲ್ಲಿ ಜೋರು ಮಳೆ ಸುರಿದ ಮರುದಿನ ಪತ್ರಿಕೆಗಳಲ್ಲಿ ‘ಕೃತಕ ನೆರೆ’ ಎಂಬ ತಲೆಬರಹ ಕಾಣುತ್ತದೆ. ಉಕ್ಕಿದ್ದು ನದಿಯಲ್ಲ, ಹೂಳು ತುಂಬಿದ ಚರಂಡಿ ಮತ್ತು ಒತ್ತುವರಿಯಾದ ರಾಜಕಾಲುವೆ. ವ್ಯಾಪಾರಿಗಳು ಈರುಳ್ಳಿಯನ್ನು ಗೋದಾಮಿನಲ್ಲಿ ಬಚ್ಚಿಟ್ಟರೆ ಅದು ‘ಕೃತಕ ಅಭಾವ’. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆ, ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು, ಆರತಕ್ಷತೆಯ ಫೋಟೊದಲ್ಲಿ ಕೃತಕ ನಗು. ಕಾಲಿನ ಜೊತೆ ಉಪಕಾರಿಯಾದ ಪದವೇ ನಗುವಿನ ಜೊತೆ ಠಕ್ಕನಾಗುತ್ತದೆ, ನೆರೆಯ ಜೊತೆ ದೂರುದಾರನಾಗುತ್ತದೆ. ಈಗ ಅದು ‘ಬುದ್ಧಿಮತ್ತೆ’ಯ ಜೊತೆಗಿದೆ. ಇಲ್ಲಿ ಅದರ ವೇಷ ಯಾವುದು?

ಇಂಗ್ಲಿಷಿನಲ್ಲಿ ಈ ಜೋಡಿಗೆ ಗಂಟು ಬಿದ್ದದ್ದು ಹಣ ಕೇಳುವ ಅರ್ಜಿಯೊಂದರಲ್ಲಿ. 1955ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ತರುಣ ಗಣಿತಜ್ಞ ಜಾನ್ ಮೆಕಾರ್ಥಿ, ಹಾರ್ವರ್ಡ್‌ನ ಮಾರ್ವಿನ್ ಮಿನ್‌ಸ್ಕಿ, ಐಬಿಎಂನ ನಥಾನಿಯಲ್ ರಾಚೆಸ್ಟರ್, ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ನಾಲ್ವರೂ ಸೇರಿ ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಬರೆದುಕೊಂಡರು. ಮರುವರ್ಷದ ಬೇಸಿಗೆಯಲ್ಲಿ ಹತ್ತು ಮಂದಿ ಎರಡು ತಿಂಗಳು ಕೂತು ಕೆಲಸ ಮಾಡುತ್ತೇವೆ ಎಂದರು. ಕಲಿಕೆಯನ್ನಾಗಲಿ ಬುದ್ಧಿಯ ಬೇರಾವ ಲಕ್ಷಣವನ್ನಾಗಲಿ ಕರಾರುವಾಕ್ಕಾಗಿ ವಿವರಿಸಲು ಸಾಧ್ಯ, ಹಾಗೆ ವಿವರಿಸಿದ್ದನ್ನು ಯಂತ್ರವೂ ಅನುಕರಿಸಬಲ್ಲದು ಎಂಬುದು ಅವರ ಊಹೆ. ಕೇಳಿದ್ದು 13,500 ಡಾಲರ್, ಸಿಕ್ಕಿದ್ದು 7,500. ಅರ್ಜಿಯ ನೆತ್ತಿಯ ಮೇಲಿತ್ತು ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’.

ಹೊಸ ಹೆಸರೇ ಏಕೆ ಬೇಕಿತ್ತು? ಮೆಕಾರ್ಥಿ ಮತ್ತು ಶಾನನ್ ಆಗ ‘ಆಟೋಮೇಟಾ ಸ್ಟಡೀಸ್’ ಎಂಬ ಲೇಖನ ಸಂಪುಟ ಸಂಪಾದಿಸುತ್ತಿದ್ದರು. ಬಂದ ಲೇಖನಗಳಲ್ಲಿ ಬುದ್ಧಿಯ ಸುದ್ದಿಯೇ ಕಡಿಮೆ ಎಂದು ಮೆಕಾರ್ಥಿಗೆ ಬೇಸರವಾಗಿತ್ತು. ಇನ್ನೊಂದು ಕಡೆ ನಾರ್ಬರ್ಟ್ ವೀನರ್ 1948ರಲ್ಲೇ ‘ಸೈಬರ್ನೆಟಿಕ್ಸ್’ ಎಂಬ ಹೆಸರನ್ನು ಊರೆಲ್ಲ ಪ್ರಚಾರ ಮಾಡಿದ್ದ. ಆ ಹೆಸರಿನಡಿ ಹೋದರೆ ವೀನರ್‌ನನ್ನು ಗುರುವೆಂದು ಒಪ್ಪಬೇಕು, ಇಲ್ಲವೇ ಅವನೊಡನೆ ವಾದಕ್ಕೆ ನಿಲ್ಲಬೇಕು. ಎರಡೂ ಬೇಡವೆಂದೇ ಬೇರೆ ಹೆಸರು ಹುಡುಕಿದೆ ಎಂದು ಮೆಕಾರ್ಥಿ ಮುಂದೆ ಹೇಳಿಕೊಂಡ.

ಹೆಸರು ಬಳಗದವರಿಗೇ ಹಿಡಿಸಲಿಲ್ಲ. ಡಾರ್ಟ್‌ಮತ್‌ನ ಆ ಬೇಸಿಗೆ ಕೂಟಕ್ಕೆ ನಿಜವಾಗಿ ಓಡುವ ಪ್ರೋಗ್ರಾಂ ಹಿಡಿದು ಬಂದವರು ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್. ತರ್ಕದ ಪ್ರಮೇಯಗಳನ್ನು ಸಾಧಿಸುವ ಆ ‘ಲಾಜಿಕ್ ಥಿಯರಿಸ್ಟ್’ನ ಕರ್ತೃಗಳು ತಮ್ಮ ಕೆಲಸವನ್ನು ವರ್ಷಗಟ್ಟಲೆ ‘ಸಂಕೀರ್ಣ ಮಾಹಿತಿ ಸಂಸ್ಕರಣೆ’ ಎಂದೇ ಕರೆದರು. ಯಂತ್ರಕ್ಕೆ ಚೆಕರ್ಸ್ ಆಟ ಕಲಿಸಿದ ಆರ್ಥರ್ ಸ್ಯಾಮ್ಯುಯೆಲ್‌ಗೆ ‘ಆರ್ಟಿಫಿಶಿಯಲ್’ ಎಂದರೆ ಏನೋ ನಕಲಿ ಮಾಲು ಎಂಬ ವಾಸನೆ. ಅವನಿಗೆ ಹೆದರಿಕೆಯಿದ್ದದ್ದು ಕೃತಕ ನಗುವಿನದು.

ಹೆಸರು ಮಾತ್ರ ಉಳಿಯಿತು. 1973ರಲ್ಲಿ ಬ್ರಿಟನ್ನಿನಲ್ಲಿ ಜೇಮ್ಸ್ ಲೈಟ್‌ಹಿಲ್ ವರದಿ, ಈ ಕ್ಷೇತ್ರ ಆಡಿದಷ್ಟು ಮಾಡಿಲ್ಲ ಎಂದಿತು, ಅದರ ಬೆನ್ನಿಗೇ ಸರ್ಕಾರದ ಅನುದಾನ ಕುಗ್ಗಿತು. ಎಂಬತ್ತರ ದಶಕದ ಕೊನೆಗೆ ಇನ್ನೊಮ್ಮೆ ಬರಗಾಲ ಬಂತು. ಆ ದಿನಗಳಲ್ಲಿ ಎಐ ಎಂದರೆ ಕಾಸು ಹುಟ್ಟದೆಂದು ಎಷ್ಟೋ ಸಂಶೋಧಕರು ಅದೇ ಕೆಲಸವನ್ನು ‘ಮೆಷಿನ್ ಲರ್ನಿಂಗ್’ ಮೊದಲಾದ ಹೆಸರುಗಳಲ್ಲಿ ಮುಂದುವರಿಸಿದರು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಗಾಳಿ ತಿರುಗಿತು. ಈಗ ವಾಷಿಂಗ್ ಮೆಷಿನ್ನಿನ ಮೈಮೇಲೂ ಎಐ ಚೀಟಿ ಇದೆ.

ಎಐ ಎಂಬ ಎರಡಕ್ಷರದಲ್ಲಿ ‘ಕೃತಕ’ ಕಿವಿಗೆ ಬೀಳುವುದೇ ಇಲ್ಲ. “ಎಐ ಹೇಳಿತು”, “ಎಐ ನಿರಾಕರಿಸಿತು” ಎಂಬ ಮಾತಿನಲ್ಲಿ ಅದು ಮಳೆಯಂತೆ ತಾನಾಗಿ ಸುರಿದದ್ದು ಅನ್ನಿಸುತ್ತದೆ. ಕೃತಕ ಅಂದರೆ ಮಾಡಿದ್ದು. ಯಾರೋ ದತ್ತಾಂಶ ಆರಿಸಿದರು, ಯಾರೋ ತರಬೇತಿ ಕೊಟ್ಟರು, ಯಾರೋ ಕೊಂಡು ತಂದು ಕಚೇರಿಯಲ್ಲಿ ಕೂರಿಸಿದರು. ಕೃತಕ ನೆರೆ ಅಂದಾಗ ಕಾಲುವೆ ಮುಚ್ಚಿದವರು ಯಾರೆಂದು ಕೇಳುತ್ತೇವಲ್ಲ, ಆ ಬಳಕೆಯೇ ಇಲ್ಲಿಗೂ ಸರಿ. ನಿಮ್ಮ ಸಾಲದ ಅರ್ಜಿಯನ್ನೋ ಮಗಳ ಉದ್ಯೋಗದ ಅರ್ಜಿಯನ್ನೋ ಎಐ ತಳ್ಳಿಹಾಕಿತು ಅಂದರೆ ಸುಮ್ಮನೆ ಎದ್ದು ಬರಬೇಡಿ. ಅದನ್ನು ಮಾಡಿದವರು ಯಾರು, ಅಲ್ಲಿ ತಂದಿಟ್ಟವರು ಯಾರು ಎಂದು ಹೆಸರು ಹಿಡಿದು ಕೇಳಿ.