ರಂಗಸಜ್ಜಿಕೆ, ವೇಷಭೂಷಣ ಕಲಿಯಬೇಕೆ? ಎಲ್ಲಿ, ಹೇಗೆ, ಮುಂದೇನು: ಇಲ್ಲಿದೆ ಮಾಹಿತಿ

ಗದಗ: ಜಾತ್ರೆ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಊರೂರಿಗೂ ನಾಟಕ. ಹ್ಯಾಂಡ್‌ಬಿಲ್‌ ತುಂಬ ಪಾತ್ರಧಾರಿಗಳ ಫೋಟೊ, ದೇಣಿಗೆ ಕೊಟ್ಟ ಅಂಗಡಿಗಳ ಹೆಸರು. ಎಲ್ಲದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ರಂಗಸಜ್ಜಿಕೆ: ಡ್ರಾಮಾ ಸೀನ್ಸ್’ ಎಂಬ ಒಂದು ಸಾಲು. ಆ ಒಂದು ಸಾಲಿನ ಕೆಲಸವನ್ನೇ ತರಗತಿಯಲ್ಲಿ ಕೂರಿಸಿ ಕಲಿಸುವ ಶಾಲೆಗಳಿವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಚಿತ್ರಕಲೆ, ಹೊಲಿಗೆ, ಬಡಗಿತನದತ್ತ ಒಲವಿರುವ ನಮ್ಮ ಮಕ್ಕಳಿಗೆ ಈ ದಾರಿ ಹೇಳಿಕೊಡುವವರು ಕಡಿಮೆ. ಹಾಗಾಗಿ ಈ ಬರಹ.

ನಮ್ಮ ಜಿಲ್ಲೆಗೆ ಹೊಸದೇನಲ್ಲ

1870ರ ದಶಕದಲ್ಲೇ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ನಾಟಕವನ್ನು ರಂಗಕ್ಕೆ ತಂದವರು ಅವರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನ ಹೆಸರನ್ನು ನಾಡಿನ ತುಂಬ ಒಯ್ದಿತು. ವೈಭವದ ರಂಗಸಜ್ಜಿಕೆ, ಉಡುಗೆ ತೊಡುಗೆಗೆ ಆ ಕಂಪನಿ ಹೆಸರುವಾಸಿಯಾಗಿತ್ತು. ಶಿರಹಟ್ಟಿ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿ ಇನ್ನೊಂದು ದೊಡ್ಡ ಹೆಸರು. ವೀರೇಶ್ವರ ಪುಣ್ಯಾಶ್ರಮ ಕೂಡ ತನ್ನದೇ ನಾಟ್ಯ ಸಂಘ ನಡೆಸಿದೆ.

ಆಗ ಪರದೆ ಬರೆಯುವುದನ್ನು ಕಂಪನಿಯಲ್ಲೇ, ಗುರುವಿನ ಕೈಕೆಳಗೆ ಬಣ್ಣ ಕಲಸುತ್ತಾ ಕಲಿಯುತ್ತಿದ್ದರು. ಅರಮನೆ, ಕಾಡು, ಬೀದಿ, ದೇವಸ್ಥಾನ ಹೀಗೆ ಒಂದೊಂದು ದೃಶ್ಯಕ್ಕೂ ಕೈಯಿಂದ ಬರೆದ ಪರದೆ ಇರುತ್ತಿತ್ತು. ಈಗ ಆ ಜಾಗಕ್ಕೆ ಫ್ಲೆಕ್ಸ್‌ ಬಂದಿದೆ. ಕಂಪನಿಗಳು ಕಡಿಮೆಯಾದಂತೆ ಕಲಿಯುವ ಜಾಗವೂ ಹೋಯಿತು. ಉಳಿದಿರುವುದು ರಂಗಶಾಲೆಗಳು.

ಏನು ಕಲಿಸುತ್ತಾರೆ?

ರಂಗಸಜ್ಜಿಕೆ: ಮೊದಲ ಕೆಲಸ ನಾಟಕ ಓದುವುದು. ಎಷ್ಟು ದೃಶ್ಯ, ಯಾರು ಎಲ್ಲಿಂದ ಬರುತ್ತಾರೆ, ಬಾಗಿಲು ಬೇಕೋ ಕಟ್ಟೆ ಸಾಕೋ ಎಂದು ಪಟ್ಟಿ ಮಾಡಬೇಕು. ಆಮೇಲೆ ರಂಗದ ಅಳತೆ ತೆಗೆದು ನಕ್ಷೆ, ನಕ್ಷೆ ಆದ ಮೇಲೆ ರಟ್ಟಿನ ಮಾದರಿ. ಒಂದು ಅಡಿಗೆ ಅರ್ಧ ಇಂಚು ಲೆಕ್ಕ ಹಿಡಿದರೆ 30 ಅಡಿ ಅಗಲದ ರಂಗ 15 ಇಂಚಿಗೆ ಬರುತ್ತದೆ, ಮೇಜಿನ ಮೇಲೆ ಇಟ್ಟು ನೋಡಬಹುದು. ತಪ್ಪು ರಟ್ಟಿನಲ್ಲೇ ಸಿಕ್ಕರೆ ಕಟ್ಟಿಗೆ, ಪ್ಲೈವುಡ್‌ ಖರ್ಚು ಉಳಿಯಿತು. ನಂತರ ಚೌಕಟ್ಟಿಗೆ ಬಟ್ಟೆ ಬಿಗಿದು ಬಣ್ಣ ಬಳಿಯುವುದು, ಆಳು ನಿಂತರೂ ಅಲುಗದ ಅಟ್ಟಣಿಗೆ ಕಟ್ಟುವುದು, ಬೇಗ ಬಿಚ್ಚಿ ಲಾರಿಗೆ ಹೇರುವಂತೆ ಜೋಡಿಸುವುದು.

ವೇಷಭೂಷಣ: ಪಾತ್ರದ ಕಾಲ, ಕಸುಬು, ವಯಸ್ಸು, ಬಡತನ ಸಿರಿತನ ಎಲ್ಲ ಬಟ್ಟೆಯಲ್ಲಿ ಕಾಣಬೇಕು. ಯಾವ ದೃಶ್ಯದಲ್ಲಿ ಯಾರಿಗೆ ಯಾವ ಉಡುಪು ಎಂಬ ಕೋಷ್ಟಕ ಬರೆದು, ಮೈ ಅಳತೆ ತೆಗೆದು, ಬಟ್ಟೆ ಆರಿಸಿ, ಕತ್ತರಿಸಿ, ಬಣ್ಣ ಹಾಕಬೇಕು. ಹೊಸ ಬಟ್ಟೆಯನ್ನು ಹಳೆಯದು ಕಾಣುವಂತೆ ಮಾಡುವುದೂ ಒಂದು ಪಾಠ. ಅರ್ಧ ನಿಮಿಷದಲ್ಲಿ ವೇಷ ಬದಲಿಸಬೇಕಾದ ಕಡೆ ಗುಂಡಿ ಬಿಟ್ಟು ವೆಲ್‌ಕ್ರೋ ಹಚ್ಚಬೇಕು. ಬೆಳಕಿನ ಜ್ಞಾನವೂ ಬೇಕು: ಅಂಗಡಿಯಲ್ಲಿ ಕೆಂಪಗೆ ಹೊಳೆಯುವ ಸೀರೆ ರಂಗದ ಹಸಿರು ಬೆಳಕಿನಲ್ಲಿ ಕಪ್ಪಗೆ ಕಾಣುತ್ತದೆ.

ಎಲ್ಲಿ ಕಲಿಯಬಹುದು?

* ನೀನಾಸಂ ರಂಗಶಿಕ್ಷಣ ಕೇಂದ್ರ, ಹೆಗ್ಗೋಡು: ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿದೆ. ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ 1980ರಲ್ಲಿ ಶುರುವಾಯಿತು. ಕನ್ನಡದಲ್ಲೇ ಪಾಠ, ಅಲ್ಲೇ ವಾಸ. ಒಂದು ಶೈಕ್ಷಣಿಕ ವರ್ಷದ ಕೋರ್ಸ್. 1985ರಿಂದ ‘ತಿರುಗಾಟ’ ತಂಡ ಊರೂರು ತಿರುಗಿ ನಾಟಕ ಆಡುತ್ತಿದೆ.
* ಶಿವಕುಮಾರ ರಂಗಪ್ರಯೋಗಶಾಲೆ, ಸಾಣೇಹಳ್ಳಿ: ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕು. ಇದೂ ಒಂದು ವರ್ಷದ ಕೋರ್ಸ್. 1997ರಲ್ಲಿ ಹುಟ್ಟಿದ ‘ಶಿವಸಂಚಾರ’ ಇಲ್ಲಿನ ತಿರುಗಾಟದ ತಂಡ.
* ರಂಗಾಯಣ, ಮೈಸೂರು: ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ. ಇಲ್ಲಿನ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ನಮಗೆ ಹತ್ತಿರದ ರಂಗಾಯಣ ಧಾರವಾಡದ್ದು. ಅಲ್ಲಿನ ಶಿಬಿರ, ಪ್ರದರ್ಶನಗಳ ಮೇಲೆ ಕಣ್ಣಿಡಿ.
* ರಾಷ್ಟ್ರೀಯ ನಾಟಕ ಶಾಲೆ (ಎನ್‌ಎಸ್‌ಡಿ), ದೆಹಲಿ: 1959ರಲ್ಲಿ ಆರಂಭ. ಮೂರು ವರ್ಷದ ಡಿಪ್ಲೊಮಾ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಆಮೇಲೆ ವಿನ್ಯಾಸವನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ಪದವಿ, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ, ಹಿಂದಿ ಇಂಗ್ಲಿಷ್‌ ತಿಳಿವಳಿಕೆ ಬೇಕು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಇದೆ. ಪ್ರೇಮಾ ಕಾರಂತರು ಓದಿದ್ದು ಇಲ್ಲಿಯೇ. ನಿರ್ದೇಶನದ ಜೊತೆಗೆ ವಸ್ತ್ರವಿನ್ಯಾಸದಲ್ಲೂ ಅವರ ಹೆಸರು ದೊಡ್ಡದು.

ಒಂದು ಮಾತು ನೆನಪಿರಲಿ. ಕರ್ನಾಟಕದ ಒಂದು ವರ್ಷದ ಕೋರ್ಸ್‌ಗಳಲ್ಲಿ ಅಭಿನಯವೇ ಮುಖ್ಯ; ಸಜ್ಜಿಕೆ, ಪ್ರಸಾಧನ, ಬೆಳಕು ಅದರ ಜೊತೆಗಿನ ಪಾಠಗಳು. ‘ನಾನು ಬಣ್ಣ ಹಚ್ಚೂದಿಲ್ರಿ, ಬರೇ ಸೀನ್ ಮಾಡ್ತೀನಿ’ ಅಂದರೆ ನಡೆಯುವುದಿಲ್ಲ. ನಟ ಎಲ್ಲಿ ಎಡವುತ್ತಾನೆ ಎಂದು ರಂಗದ ಮೇಲೆ ನಿಂತವರಿಗೇ ಗೊತ್ತಾಗುವುದು.

ಅರ್ಜಿ ಹಾಕುವ ಮುನ್ನ

* ಪ್ರವೇಶ ಪ್ರಕಟಣೆ, ವಯೋಮಿತಿ, ಶುಲ್ಕ ವರ್ಷ ವರ್ಷ ಬದಲಾಗಬಹುದು. ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನಂಬಿ. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ.
* ನಿಮ್ಮ ಚಿತ್ರ, ಹೊಲಿದ ಬಟ್ಟೆಯ ಫೋಟೊ, ಊರ ನಾಟಕಕ್ಕೆ ಮಾಡಿದ ಸಜ್ಜಿಕೆ ಎಲ್ಲ ಒಂದು ಫೈಲ್‌ನಲ್ಲಿ ಇರಲಿ. ಸಂದರ್ಶನದಲ್ಲಿ ಅದೇ ನಿಮ್ಮ ಪರವಾಗಿ ಮಾತಾಡುತ್ತದೆ.
* ಕೈಗೆ ಸಿಕ್ಕ ಮೂರು ನಾಲ್ಕು ಕನ್ನಡ ನಾಟಕ ಓದಿಕೊಂಡು ಹೋಗಿ.
* ಚಿತ್ರಕಲೆಯ ತಳಪಾಯ ಬೇಕೆನ್ನುವವರಿಗೆ ಗದಗಿನಲ್ಲೇ ಟಿ.ಪಿ. ಅಕ್ಕಿ ಅವರು ಕಟ್ಟಿದ ವಿಜಯ ಕಲಾ ಮಂದಿರದ ಪರಂಪರೆ ಇದೆ.

ಹೊಟ್ಟೆ ತುಂಬತೈತೇನು?

ಮನೆಯವರ ಮೊದಲ ಪ್ರಶ್ನೆ ಇದೇ, ಅದು ತಪ್ಪೂ ಅಲ್ಲ. ನೇರ ಉತ್ತರ: ಬರೀ ನಾಟಕದ ಸಜ್ಜಿಕೆಯಿಂದ ವರ್ಷಪೂರ್ತಿ ಸಂಪಾದನೆ ಕಷ್ಟ. ತಿಂಗಳ ಸಂಬಳದ ಹುದ್ದೆಗಳು ಬೆರಳೆಣಿಕೆ. ಆದರೆ ಕಲಿತ ಕೈಗೆ ಕೆಲಸ ಬೇರೆ ಬೇರೆ ಕಡೆ ಇದೆ: ಸಿನಿಮಾ ಮತ್ತು ಧಾರಾವಾಹಿಯ ಕಲಾ ವಿಭಾಗ, ವಸ್ತ್ರ ವಿಭಾಗ, ಸ್ತಬ್ಧಚಿತ್ರ, ವಸ್ತುಪ್ರದರ್ಶನ, ಮದುವೆ ಮಂಟಪ, ಶಾಲಾ ವಾರ್ಷಿಕೋತ್ಸವ. ರಂಗಭೂಮಿಯಲ್ಲಿ ಪಳಗಿದ ಶಶಿಧರ ಅಡಪ ಅವರಂಥವರು ನಾಟಕ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ್ದಾರೆ. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಆಸ್ಕರ್ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಎಲ್ಲರಿಗೂ ಅಂಥದ್ದು ಸಿಗುವುದಿಲ್ಲ. ಹಾಗಾಗಿ ಜೊತೆಗೆ ಹೊಲಿಗೆಯೋ ಬಡಗಿತನವೋ ಕಂಪ್ಯೂಟರ್ ಡಿಸೈನ್‌ ಕೆಲಸವೋ ಒಂದು ಕೈಯಲ್ಲಿರಲಿ.

ಊರಿಗೇನು ಲಾಭ?

ಒಂದು ನಾಟಕಕ್ಕೆ ಬಟ್ಟೆ, ಬಣ್ಣ, ಕಟ್ಟಿಗೆ, ಮೊಳೆ, ಹಗ್ಗ, ದರ್ಜಿ, ಲೈಟಿನವರು ಎಲ್ಲರೂ ಬೇಕು. ಬೆಟಗೇರಿಯಲ್ಲಿ ಮಗ್ಗಗಳಿವೆ, ಗುಳೇದಗುಡ್ಡದ ಖಣ, ಇಳಕಲ್ ಸೀರೆ ನಮ್ಮ ಅಂಗಡಿಗಳಲ್ಲೇ ಸಿಗುತ್ತವೆ. ಇವನ್ನು ಬಲ್ಲ ಹುಡುಗ ಹುಡುಗಿ ಕಲಿತು ಊರಿಗೆ ಬಂದರೆ ಬಾಡಿಗೆ ಸೀನ್ಸ್‌ಗೆ ಹೋಗುವ ಹಣದಲ್ಲಿ ಒಂದಿಷ್ಟಾದರೂ ಇಲ್ಲೇ ಉಳಿಯುತ್ತದೆ.

ಈ ಸಲ ಜಾತ್ರೆ ಹ್ಯಾಂಡ್‌ಬಿಲ್‌ ಕೈಗೆ ಬಂದಾಗ ಕೆಳಗಿನ ಆ ಸಣ್ಣ ಸಾಲನ್ನೂ ಓದಿ. ನಿಮ್ಮ ಓಣಿಯಲ್ಲಿ ಗೋಡೆ ತುಂಬ ಚಿತ್ರ ಬರೆಯುವ ಮಗು ಇದ್ದರೆ, ಈ ಮಾಹಿತಿಯನ್ನು ಅವರ ಮನೆಗೆ ಮುಟ್ಟಿಸಿ.